ಅಷ್ಟು ನುಣ್ಣಗೆ ಬೇಡ

ಡಾಕ್ಟ್ರೇ, ನನಗೆ 25 ವರ್ಷ. ಊರು ಹಾಸನದ ಕಡೆ. ಒಂದೂವರೆ ವರ್ಷದಿಂದ ಬೆಂಗಳೂರಿನ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಡ್ಯೂಟಿಗೆ ದಿನಾ ಕ್ಲೀನ್ ಶೇವ್ ಮಾಡಿಕೊಂಡೇ ಬರಬೇಕು. ನನ್ನದು ದಪ್ಪ, ಗುಂಗುರು ಗಡ್ಡ. ಶೇವ್ ಮಾಡಿದ ಅರ್ಧ ಗಂಟೆಗೆ ಕತ್ತೆಲ್ಲ ಉರಿ, ಸಂಜೆ ಹೊತ್ತಿಗೆ ನವೆ. ದವಡೆ ಕೆಳಗೆ, ಗಂಟಲ ಹತ್ತಿರ ಗಟ್ಟಿ ಗುಳ್ಳೆಗಳು ಎದ್ದು ಕಪ್ಪಗಾಗಿ ಉಳಿದುಬಿಟ್ಟಿವೆ. ಐದು ಬ್ಲೇಡಿನ ಒಳ್ಳೆ ರೇಜರ್ರೇ ಬಳಸುತ್ತೇನೆ. ಒಂದು ಸಲ ಮೇಲಿಂದ ಕೆಳಕ್ಕೆ, ಇನ್ನೊಂದು ಸಲ ಉಲ್ಟಾ ಎಳೆಯುತ್ತೇನೆ, ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಗಡ್ಡ ಕಾಣುತ್ತದೆ. ಗುಳ್ಳೆ ಮೇಲೆ ಹೋದಾಗ ರಕ್ತ ಬಂದು ಬಿಳಿ ಕಾಲರಿಗೆ ಕಲೆಯಾಗುತ್ತದೆ. ರೂಮ್‌ಮೇಟ್ ಹೇಳಿದ ಅಂತ ಮೆಡಿಕಲ್ ಶಾಪಿನಿಂದ ಒಂದು ಕ್ರೀಮ್ ತಂದು ಐದು ತಿಂಗಳಿಂದ ಹಚ್ಚುತ್ತಿದ್ದೇನೆ. ಹಚ್ಚಿದರೆ ತಗ್ಗುತ್ತದೆ, ಎರಡು ದಿನ ಬಿಟ್ಟರೆ ಮೊದಲಿಗಿಂತ ಜಾಸ್ತಿ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್ ಅಂತ ಬರೆದಿದೆ. ಅಮ್ಮ ಇದು ಉಷ್ಣ ಅನ್ನುತ್ತಾರೆ. ಮ್ಯಾನೇಜರ್ ‘ನೀಟಾಗಿ ಶೇವ್ ಮಾಡೋಕೂ ಬರಲ್ವಾ’ ಅಂತ ಎಲ್ಲರ ಎದುರಿಗೇ ಕೇಳಿದರು. ಇನ್ನೆರಡು ತಿಂಗಳಲ್ಲಿ ಹೆಣ್ಣು ನೋಡೋ ಮಾತಿದೆ. ನನ್ನ ಚರ್ಮವೇ ಸರಿಯಿಲ್ಲವಾ? ಇದು ಹೀಗೇ ಉಳಿದುಬಿಡುತ್ತಾ?
— ಹೆಸರು ಬೇಡ, ಬೆಂಗಳೂರು

ನಿಮ್ಮ ಚರ್ಮ ಸರಿಯಾಗಿಯೇ ಇದೆ. ಇದು ಹೀಗೇ ಉಳಿಯುವುದೂ ಇಲ್ಲ. ಆದರೆ ಉಳಿದ ಮಾತಿಗೆ ಮುಂಚೆ ಆ ಟ್ಯೂಬಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಆತಂಕ ತಂದದ್ದು ಗುಳ್ಳೆಯಲ್ಲ, ಅದು.

ಕ್ಲೋಬೆಟಾಸೋಲ್ ಒಂದು ಸ್ಟಿರಾಯ್ಡ್. ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತ್ಯಂತ ಪ್ರಬಲವಾದ ಗುಂಪಿಗೆ ಸೇರಿದ್ದು. ಅಂಗೈ, ಅಂಗಾಲಿನಂಥ ದಪ್ಪ ಚರ್ಮದ ಕಾಯಿಲೆಗೆ, ಅದೂ ಕೆಲವೇ ವಾರಗಳ ಮಟ್ಟಿಗೆ ನಾವು ಬರೆದುಕೊಡುತ್ತೇವೆ. ಮುಖ ಮತ್ತು ಕತ್ತಿನ ಚರ್ಮ ತೆಳು, ಔಷಧಿಯನ್ನು ಬೇಗ ಹೀರುತ್ತದೆ. ಅಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳ್ಳಗಾಗುತ್ತದೆ, ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಬಿಸಿಲಿಗೆ ಹೋದರೆ ಸುಡುತ್ತದೆ. ಹಚ್ಚಿದಾಗ ಊತ ತಗ್ಗುವುದು ನಿಜ. ಊತವನ್ನು ಅದುಮಿಡುವುದೇ ಅದರ ಕೆಲಸ. ಗುಳ್ಳೆಯ ಕಾರಣವನ್ನು ಅದು ಮುಟ್ಟುವುದಿಲ್ಲ. ಬಿಟ್ಟ ಎರಡೇ ದಿನಕ್ಕೆ ‘ಮೊದಲಿಗಿಂತ ಜಾಸ್ತಿ’ ಆಗುತ್ತದೆ ಅಂದಿರಲ್ಲ, ಅದು ರೋಗ ಹೆಚ್ಚಾದದ್ದಲ್ಲ, ಚರ್ಮ ಆ ಔಷಧಿಗೆ ಒಗ್ಗಿಹೋಗಿರುವುದರ ಗುರುತು. ಬೆಟಾಮೆಥಾಸೋನ್, ಮೊಮೆಟಾಸೋನ್ ಇರುವ ಟ್ಯೂಬುಗಳದ್ದೂ, ಮೂರ್ನಾಲ್ಕು ಔಷಧಿ ಒಟ್ಟಿಗೆ ಬೆರೆಸಿದ ‘ಎಲ್ಲಕ್ಕೂ ಒಂದೇ’ ಎನ್ನುವ ಮುಲಾಮುಗಳದ್ದೂ ಇದೇ ಕತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ತಂದಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೌಂಟರಿನ ಮೇಲೆ ಕೇಳಿದವರಿಗೆ ಕೇಳಿದ ಹಾಗೆ ಸಿಗುತ್ತಿದೆ. ನಿಮ್ಮ ವಯಸ್ಸಿನ ಎಷ್ಟೋ ಹುಡುಗರು ಶೇವಿಂಗ್ ಗುಳ್ಳೆಗೆಂದು ಶುರುಮಾಡಿ ಮುಖವನ್ನೇ ಹಾಳುಮಾಡಿಕೊಂಡು ಬರುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಐದು ತಿಂಗಳು ಹಚ್ಚಿದ್ದನ್ನು ನಾಳೆಯೇ ಥಟ್ಟನೆ ಬಿಟ್ಟರೆ ಕೆಂಪಗೆ ಉರಿದೇಳಬಹುದು. ಹಾಗಾಗಿ ಇದೇ ವಾರ ಚರ್ಮರೋಗ ವೈದ್ಯರ ಹತ್ತಿರ ಹೋಗಿ. ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಐದು ತಿಂಗಳು ಅಂತ ಸಂಕೋಚವಿಲ್ಲದೆ ಹೇಳಿ. ಖರ್ಚಿನ ಚಿಂತೆಯಿದ್ದರೆ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಅವರು ಹಂತಹಂತವಾಗಿ ಬಿಡಿಸುತ್ತಾರೆ. ಆ ಕೆಲವು ವಾರ ಉರಿ ಹೆಚ್ಚಾಯಿತೆಂದು ಗಾಬರಿಯಾಗಿ ಮತ್ತೆ ಅದೇ ಟ್ಯೂಬಿಗೆ ಕೈಹಾಕಬೇಡಿ.

ಈಗ ಗುಳ್ಳೆಯ ವಿಚಾರ. ನೀವು ಬರೆದ ಲಕ್ಷಣ ಓದಿದರೆ ಇದು ಮೊಡವೆಯಲ್ಲ, ಅಲರ್ಜಿಯಲ್ಲ, ಕೊಳೆಯಿಂದ ಬಂದದ್ದೂ ಅಲ್ಲ. ನಿಮ್ಮ ಅಮ್ಮ ಹೇಳುವ ಉಷ್ಣವೂ ಅಲ್ಲ. ಅವರು ಕೊಡುವ ಮಜ್ಜಿಗೆಯನ್ನು ಧಾರಾಳವಾಗಿ ಕುಡಿಯಿರಿ, ಆದರೆ ಕತ್ತಿನ ಗುಳ್ಳೆ ಅದರಿಂದ ಹೋಗುವುದಿಲ್ಲ. ಗುಂಗುರು ಕೂದಲಿನ ಬುಡವೇ ಚರ್ಮದೊಳಗೆ ಬಾಗಿರುತ್ತದೆ. ಅದನ್ನು ತೀರಾ ಬುಡಕ್ಕೆ ಕತ್ತರಿಸಿದಾಗ ತುದಿ ಓರೆಯಾಗಿ ಸೀಳಿದ ಬಿದಿರು ಕಡ್ಡಿಯಂತೆ ಚೂಪಾಗುತ್ತದೆ. ಮತ್ತೆ ಬೆಳೆಯುವಾಗ ಹೊರಗೆ ಬಂದ ಕೂದಲು ಬಾಗಿ, ಪಕ್ಕದ ಚರ್ಮವನ್ನೇ ಚುಚ್ಚಿ ಒಳಹೋಗುತ್ತದೆ. ಕೆಲವೊಮ್ಮೆ ಹೊರಗೇ ಬರದೆ, ತನ್ನ ಗೂಡಿನ ಗೋಡೆಯನ್ನೇ ಒಳಗಿಂದ ತೂರುತ್ತದೆ. ದೇಹಕ್ಕೆ ಅದು ಚುಚ್ಚಿದ ಮುಳ್ಳಿದ್ದ ಹಾಗೆಯೇ, ಹೊರಗಿನ ವಸ್ತು. ಹೊರದೂಡಲು ಊತ, ಕೆಂಪು, ಕೀವು ಎಲ್ಲ ತರುತ್ತದೆ. ಆಫ್ರಿಕಾ ಮೂಲದ ಗಂಡಸರಲ್ಲಿ ಇದು ತೀರಾ ಸಾಮಾನ್ಯ. ನಮ್ಮಲ್ಲೂ ಗುಂಗುರು ಗಡ್ಡದವರಿಗೆ ಬರುತ್ತದೆ. ಕತ್ತಿನಲ್ಲೇ ಹೆಚ್ಚು ಏಕೆಂದರೆ ಅಲ್ಲಿ ಕೂದಲು ಚರ್ಮಕ್ಕೆ ಒರಗಿಕೊಂಡು, ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆಯುತ್ತದೆ.

ಈಗ ನಿಮ್ಮ ರೇಜರನ್ನು ನೆನಪಿಸಿಕೊಳ್ಳಿ. ಐದು ಬ್ಲೇಡಿನಲ್ಲಿ ಮುಂದಿನದು ಕೂದಲನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತದೆ, ಅದು ಹಿಂದೆ ಸರಿಯುವಷ್ಟರಲ್ಲಿ ಹಿಂದಿನವು ಕತ್ತರಿಸುತ್ತವೆ. ಉಳಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ಕೈಯಾಡಿಸಿದರೆ ಬಲು ನುಣುಪು. ನೇರ ಕೂದಲಿನವರಿಗೆ ಇದರಿಂದ ತೊಂದರೆಯಿಲ್ಲ. ನಿಮಗೆ ಆ ನುಣುಪೇ ರೋಗ. ಅದರ ಮೇಲೆ ಇನ್ನೊಮ್ಮೆ ಉಲ್ಟಾ ಎಳೆದಾಗ ಒಳಗೆ ಇಳಿಯದೆ ಉಳಿದ ಕೂದಲೂ ಇಳಿಯುತ್ತದೆ. ನೀವು ಎಷ್ಟು ಶ್ರದ್ಧೆಯಿಂದ ಶೇವ್ ಮಾಡುತ್ತೀರೋ ಅಷ್ಟು ಗುಳ್ಳೆ. ಹಾಗಾಗಿ ನೀಟಾಗಿ ಮಾಡಲು ಬರುವುದಿಲ್ಲವೇ ಎಂಬ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಅತಿ ನೀಟಾಗಿ ಮಾಡುತ್ತಿದ್ದೀರಿ.

ಮೊದಲು ಬೇಕಾದದ್ದು ಬಿಡುವು. ಮೂರ್ನಾಲ್ಕು ವಾರ ರೇಜರ್ ಮುಟ್ಟಬಾರದು. ಕೂದಲು ಉದ್ದವಾಗುತ್ತಾ ಬಂದ ಹಾಗೆ ಒಳಗೆ ಸಿಕ್ಕಿಕೊಂಡ ತುದಿಗಳು ತಾವಾಗಿಯೇ ಎದ್ದು ಹೊರಬರುತ್ತವೆ. ಮೊದಲ ವಾರ ಗುಳ್ಳೆ ಹೆಚ್ಚಿದಂತೆ ಕಾಣಬಹುದು, ಅದಕ್ಕೆ ಎದೆಗುಂದಬೇಡಿ. ಕೂದಲು ಬಿಲ್ಲಿನಂತೆ ಬಾಗಿ ಚರ್ಮದ ಹೊರಗೇ ಕಾಣುತ್ತಿದ್ದರೆ ಮಾತ್ರ, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ತುದಿಯನ್ನು ಮೆಲ್ಲಗೆ ಎಬ್ಬಿಸಿ ಬಿಡಿ. ಚಿಮಟದಿಂದ ಕಿತ್ತು ತೆಗೆಯಬೇಡಿ. ಕಿತ್ತ ಜಾಗದಲ್ಲಿ ಹುಟ್ಟುವ ಹೊಸ ಕೂದಲು ಒಳಗಿಂದಲೇ ಅಡ್ಡದಾರಿ ಹಿಡಿಯುತ್ತದೆ. ಗುಳ್ಳೆ ಹಿಸುಕುವುದೂ ಬೇಡ, ಕಪ್ಪು ಕಲೆ ಆಳವಾಗುವುದು ಹೆಚ್ಚಾಗಿ ಆ ಕೈಗಳಿಂದಲೇ. ನವೆ ತಡೆಯದಿದ್ದರೆ ತಣ್ಣೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಳ್ಳಿ.

ಹೋಟೆಲ್ ಕೆಲಸದಲ್ಲಿ ನಾಲ್ಕು ವಾರದ ಗಡ್ಡ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಅದಕ್ಕೇ ವೈದ್ಯರ ಬಳಿ ಹೋದಾಗ ಒಂದು ಚೀಟಿ ಬರೆಸಿಕೊಳ್ಳಿ: ಚರ್ಮದ ಕಾಯಿಲೆಯಿರುವುದರಿಂದ ಇಷ್ಟು ವಾರ ರೇಜರ್ ಬಳಸಬಾರದು, ಆಮೇಲೂ ಒಂದು ಮಿಲಿಮೀಟರಿನಷ್ಟು ಗಡ್ಡ ಬಿಟ್ಟು ಟ್ರಿಮ್ ಮಾಡಿಕೊಳ್ಳಬೇಕು ಎಂದು. ಅದನ್ನು ಮ್ಯಾನೇಜರ್ ಕೈಗೆ ಕೊಡಿ, ಎಚ್‌ಆರ್‌ಗೂ ಒಂದು ಪ್ರತಿ ಕೊಡಿ. ಇದು ಅತಿಯಾದ ಬೇಡಿಕೆಯೇನಲ್ಲ. ಶಿಸ್ತಿಗೆ ಹೆಸರಾದ ಅಮೆರಿಕದ ಸೈನ್ಯದಲ್ಲೇ ಇದೇ ಕಾಯಿಲೆಯಿರುವ ಸೈನಿಕರಿಗೆ ವೈದ್ಯರ ಚೀಟಿಯ ಮೇಲೆ ಗಡ್ಡವನ್ನು ಗಿಡ್ಡವಾಗಿ ಕತ್ತರಿಸಿ ಇಟ್ಟುಕೊಳ್ಳಲು ದಶಕಗಳ ಕಾಲ ಅವಕಾಶ ಕೊಟ್ಟಿದ್ದರು. ಅಂಚು ನೇರವಾಗಿ ತೀಡಿದ, ಒಂದೇ ಸಮ ಇರುವ ಗಿಡ್ಡ ಗಡ್ಡ ಯಾವ ಅತಿಥಿಯ ಕಣ್ಣಿಗೂ ಕೊಳಕಾಗಿ ಕಾಣುವುದಿಲ್ಲ. ರಕ್ತದ ಕಲೆಯ ಕಾಲರ್ ಕಾಣುತ್ತದೆ. ಇಷ್ಟನ್ನು ಮ್ಯಾನೇಜರ್ ಜೊತೆ ಒಬ್ಬರೇ ಇದ್ದಾಗ ಸಮಾಧಾನದಿಂದ ಹೇಳಿ. ಎಲ್ಲರ ಎದುರು ಆಡಿದ ಮಾತಿನಿಂದ ನೋವಾಯಿತು ಎಂಬುದನ್ನೂ ಹೇಳಿ. ಕಾಯಿಲೆಯೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಟ್ರಿಮ್ಮರ್ ಕೊಳ್ಳುವಾಗ ಅದಕ್ಕೆ ಸಿಕ್ಕಿಸುವ ಬಾಚಣಿಗೆ ಒಂದು ಮಿಲಿಮೀಟರಿನದು ಇದೆಯೇ ನೋಡಿಕೊಳ್ಳಿ. ಗಡ್ಡ ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಒಂದು ಮಿಲಿಮೀಟರ್ ಎಂದರೆ ಮೂರು ದಿನದ ಗಡ್ಡ, ಅಷ್ಟೇ. ಬಾಚಣಿಗೆ ತೆಗೆದು ‘ಜೀರೋ’ ಹೊಡೆಯಬೇಡಿ, ಅದು ಮತ್ತೆ ರೇಜರಿನ ಕೆಲಸವೇ ಆಯಿತು. ನಿಜ ಹೇಳಬೇಕೆಂದರೆ ನಿಮ್ಮಂಥ ಗಡ್ಡಕ್ಕೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಕೆಲಸದ ಜಾಗ ಒಪ್ಪಿದರೆ ಮುಂದಿನ ಭಾಗ ಓದದಿದ್ದರೂ ನಡೆಯುತ್ತದೆ.

ಒಪ್ಪದಿದ್ದರೆ, ಚರ್ಮ ಶಾಂತವಾದ ಮೇಲೆ ರೇಜರ್ ಹಿಡಿಯಲೇಬೇಕಾದರೆ, ಹಿಡಿಯುವ ರೀತಿ ಬದಲಾಗಬೇಕು. ಗಡ್ಡ ಬಿಟ್ಟಿರುವ ಈ ವಾರಗಳಲ್ಲಿ ಒಂದು ಕೆಲಸ ಮಾಡಿ. ಕನ್ನಡಿ ಮುಂದೆ ನಿಂತು ಕತ್ತಿನ ಮೇಲೆ ಬೆರಳಾಡಿಸಿ ನೋಡಿ. ಯಾವ ಕಡೆಗೆ ಸವರಿದರೆ ನುಣುಪು, ಯಾವ ಕಡೆಗೆ ತರಿತರಿ ಎಂದು ಜಾಗಜಾಗಕ್ಕೂ ಗೊತ್ತುಮಾಡಿಕೊಳ್ಳಿ. ನುಣುಪಿನ ಕಡೆಯೇ ಕೂದಲು ಬೆಳೆಯುವ ದಿಕ್ಕು. ಗಂಟಲ ಕೆಳಗೆ ಅದು ಮೇಲ್ಮುಖವಾಗಿ ಇರುವವರೂ ಇದ್ದಾರೆ. ಅವರಿಗೆ ‘ಮೇಲಿಂದ ಕೆಳಕ್ಕೆ’ ಎಳೆಯುವುದೇ ಉಲ್ಟಾ. ಸರಿಯಾದ ದಿಕ್ಕು ಅಂದುಕೊಂಡು ವರ್ಷಗಟ್ಟಲೆ ಎದುರು ಕೂದಲಿಗೆ ಎಳೆದವರು ಬಹಳ ಮಂದಿ. ಬೇಕಾದರೆ ಕಾಗದದ ಮೇಲೆ ಮುಖ ಬರೆದು ಬಾಣ ಹಾಕಿಟ್ಟುಕೊಳ್ಳಿ.

ಶೇವ್ ಸ್ನಾನಕ್ಕೆ ಮೊದಲಲ್ಲ, ಆಮೇಲೆ. ಒಣ ಗಡ್ಡದ ಕೂದಲು ಗಡಸು. ಬೆಚ್ಚಗಿನ ನೀರು ಎರಡು ಮೂರು ನಿಮಿಷ ತಾಗಿದರೆ ನೀರು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕಡಿಮೆ ಒತ್ತಡಕ್ಕೇ ತುಂಡಾಗುತ್ತದೆ. ಬೆಳಿಗ್ಗೆ ಶಿಫ್ಟಿನ ಗಡಿಬಿಡಿಯಲ್ಲಿ ಬರೀ ನೀರು ಚಿಮುಕಿಸಿ ಎಳೆಯುವವರಿಗೆ ಅರ್ಧ ಉರಿ ಬರುವುದು ಇಲ್ಲಿಂದಲೇ. ಬೆಂಗಳೂರಿನ ಪಿಜಿ, ಬಾಡಿಗೆ ರೂಮುಗಳಿಗೆ ಹೆಚ್ಚಾಗಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುತ್ತದೆ. ಆ ಗಡಸು ನೀರಲ್ಲಿ ಸೋಪು ನೊರೆ ಕಟ್ಟದೆ ಬಿಳಿ ಜಿಡ್ಡಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಿಮ್ಮಲ್ಲಿ ಬಕೆಟ್ಟಿನ ಸುತ್ತ ಬಿಳಿ ಕರೆ ಕಟ್ಟುತ್ತಿದ್ದರೆ, ಶೇವಿಂಗ್‌ಗೆ ಮಾತ್ರ ಒಂದು ಮಗ್ಗು ಕುಡಿಯುವ ನೀರನ್ನು ಬೆಚ್ಚಗೆ ಮಾಡಿಕೊಳ್ಳಿ. ಮೈ ಸೋಪು ಬೇಡ. ಸುವಾಸನೆಯಿಲ್ಲದ ಶೇವಿಂಗ್ ಕ್ರೀಮ್ ಅಥವಾ ಜೆಲ್ ಹಚ್ಚಿ, ಒಂದೆರಡು ನಿಮಿಷ ಹಾಗೇ ಬಿಡಿ. ಮೆಂಥಾಲ್ ಹಾಕಿದ ತಣ್ಣನೆಯ ಕ್ರೀಮುಗಳು ಹಿತವೆನಿಸಿದರೂ ಕೆರಳಿದ ಚರ್ಮಕ್ಕೆ ಒಳ್ಳೆಯದಲ್ಲ.

ರೇಜರ್ ಒಂದೇ ಬ್ಲೇಡಿನದು ಸಾಕು. ನಿಮ್ಮ ತಂದೆಯವರು ಬಳಸುತ್ತಿದ್ದ, ಬ್ಲೇಡ್ ಸಿಕ್ಕಿಸಿ ತಿರುಗಿಸುವ ಸೆಟ್ ಇನ್ನೂ ಅಂಗಡಿಗಳಲ್ಲಿ ಸಿಗುತ್ತದೆ, ಬ್ಲೇಡೂ ಅಗ್ಗ. ಅದರ ಭಾರವೇ ಸಾಕು, ಕೈಯಿಂದ ಒತ್ತಬಾರದು. ಚರ್ಮವನ್ನು ಎಳೆದು ಹಿಡಿಯಬಾರದು. ಎಳೆದು ಹಿಡಿದು ಕತ್ತರಿಸಿದ ಕೂದಲು, ಕೈ ಬಿಟ್ಟೊಡನೆ ಒಳಗೆ ಸರಿಯುತ್ತದೆ. ಕೂದಲಿನ ದಿಕ್ಕಿಗೆ, ಸಣ್ಣ ಸಣ್ಣದಾಗಿ, ಒಂದು ಸಲ ಮಾತ್ರ. ಪ್ರತಿ ಎಳೆತಕ್ಕೂ ಬ್ಲೇಡ್ ತೊಳೆಯಿರಿ. ಕನ್ನಡಿಯಲ್ಲಿ ನೀಟಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಬೆರಳಿಗೆ ಸ್ವಲ್ಪ ತರಿ ಸಿಗಲೇಬೇಕು. ಅಭ್ಯಾಸಬಲದಿಂದ ಕೈ ಎರಡನೇ ಸಲ ಉಲ್ಟಾ ಹೋಗಲು ನೋಡುತ್ತದೆ. ಇಡೀ ವಿಧಾನದಲ್ಲಿ ಕಷ್ಟವಾದದ್ದು ಆ ಕೈಯನ್ನು ತಡೆಯುವುದೊಂದೇ.

ಬ್ಲೇಡ್ ಎಷ್ಟು ದಿನಕ್ಕೆ ಬದಲಾಯಿಸಬೇಕು? ಐದರಿಂದ ಏಳು ಶೇವ್ ಎಂಬುದು ಸಾಮಾನ್ಯ ಲೆಕ್ಕ. ನಿಮ್ಮ ದಪ್ಪ ಕೂದಲಿಗೆ ನಾನು ಮೂರ್ನಾಲ್ಕು ಅನ್ನುತ್ತೇನೆ. ಅಮೆರಿಕದ ಎಂಐಟಿ ವಿಜ್ಞಾನಿಗಳು 2020ರಲ್ಲಿ ಒಂದು ಕುತೂಹಲದ ಸಂಗತಿ ತೋರಿಸಿಕೊಟ್ಟರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದು, ಆದರೂ ಬ್ಲೇಡ್ ಮೊಂಡಾಗುತ್ತದೆ. ಬ್ಲೇಡ್ ಸವೆಯುವುದಕ್ಕಿಂತ ಹೆಚ್ಚಾಗಿ, ಕೂದಲು ಬಾಗಿ ಅಡ್ಡ ಸಿಕ್ಕಿದಾಗ ಅಲಗಿನಿಂದ ಕಣ್ಣಿಗೆ ಕಾಣದ ಚೂರುಗಳು ಸಿಡಿದುಹೋಗುತ್ತವಂತೆ. ಹಾಗೆ ಹಲ್ಲುಹಲ್ಲಾದ ಅಲಗು ಕೂದಲನ್ನು ಕೊಯ್ಯುವ ಬದಲು ಜಗ್ಗುತ್ತದೆ, ಚರ್ಮವನ್ನು ಗೀರುತ್ತದೆ. ‘ಇವತ್ತು ಬ್ಲೇಡ್ ಹಿಡೀತಿದೆ’ ಅನ್ನಿಸಿದ ದಿನವೇ ಎಸೆಯಿರಿ. ರೇಜರನ್ನು ಬಚ್ಚಲಲ್ಲಿ ಒದ್ದೆಯಾಗಿ ಬಿಡದೆ ಕೊಡವಿ ಒಣಗುವ ಕಡೆ ಇಡಿ. ರೂಮ್‌ಮೇಟ್ ಜೊತೆ ಹಂಚಿಕೊಳ್ಳಬೇಡಿ.

ಶೇವ್ ಆದ ಮೇಲೆ ತಣ್ಣೀರಲ್ಲಿ ತೊಳೆದು, ಉಜ್ಜದೆ ಪಂಚೆಯಂಥ ತೆಳುಬಟ್ಟೆಯಿಂದ ಒತ್ತಿ ಒರೆಸಿ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿದರೆ ಮುಗಿಯಿತು. ಆಲ್ಕೋಹಾಲ್ ಇರುವ ಆಫ್ಟರ್‌ಶೇವ್ ಉರಿಯುವುದನ್ನು ‘ಕೆಲಸ ಮಾಡುತ್ತಿದೆ’ ಎಂದು ತಿಳಿಯುವವರಿದ್ದಾರೆ. ಅದು ಗೀರಿದ ಚರ್ಮದ ನೋವು ಅಷ್ಟೇ. ಆಂಟಿಸೆಪ್ಟಿಕ್ ದ್ರಾವಣ ಸವರುವುದೂ ಬೇಡ. ಪಟಿಕದ ಕಲ್ಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಣ್ಣ ಗಾಯದ ರಕ್ತ ನಿಲ್ಲಿಸಲು ಅದು ಒಳ್ಳೆಯದೇ, ಗಾಯದ ಮೇಲೆ ಮಾತ್ರ ತಾಗಿಸಿ. ಇಡೀ ಮುಖಕ್ಕೆ ಉಜ್ಜಿದರೆ ಚರ್ಮ ಒಣಗಿ ಬಿಗಿಯುತ್ತದೆ. ಲೋಳೆಸರ ಹಚ್ಚುವ ಆಸೆಯಿದ್ದರೆ ಎಲೆ ಕೊಯ್ದಾಗ ಸೋರುವ ಹಳದಿ ರಸವನ್ನು ಚೆನ್ನಾಗಿ ತೊಳೆದು ಒಳಗಿನ ಲೋಳೆ ಮಾತ್ರ ಬಳಸಿ, ಆ ಹಳದಿ ರಸವೇ ಕೆಲವರಿಗೆ ನವೆ ತರುತ್ತದೆ. ನಿಂಬೆರಸ ಖಂಡಿತ ಬೇಡ. ನಿಂಬೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಪ್ಪಾಗುತ್ತದೆ. ಕಲೆ ಹೋಗಲೆಂದು ಹಚ್ಚಿದ್ದು ಕಲೆಯನ್ನೇ ತರುತ್ತದೆ.

ಭಾನುವಾರ ಸಲೂನಿಗೆ ಹೋಗುವ ಅಭ್ಯಾಸ ಇದ್ದರೆ ಅಲ್ಲೂ ಬಾಯಿಬಿಟ್ಟು ಹೇಳಬೇಕು: ಉಲ್ಟಾ ಹೊಡೆಯಬೇಡಿ, ಒಂದೇ ಸಲ ಸಾಕು. ಕಸುಬು ಬಲ್ಲ ಕ್ಷೌರಿಕರಿಗೆ ಗುಂಗುರು ಗಡ್ಡದ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ, ಹೇಳಿದರೆ ಬೇಸರಪಡುವುದಿಲ್ಲ. ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಮುರಿದು ಕ್ಷೌರದ ಕತ್ತಿಗೆ ಹಾಕಲಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಗೀರಿದ ಚರ್ಮದ ನಿಮ್ಮಂಥವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ವೈದ್ಯರು ಪರೀಕ್ಷಿಸಿದ ಮೇಲೆ ರಾತ್ರಿ ಹಚ್ಚಲು ಅಡಾಪಲಿನ್ ಜೆಲ್ಲನ್ನೋ, ಕೀವಿನ ಗುಳ್ಳೆಗೆ ಬೆಂಜಾಯಿಲ್ ಪೆರಾಕ್ಸೈಡನ್ನೋ ಕೊಡಬಹುದು. ಎರಡೂ ಮೊದಮೊದಲು ಒಣಗಿಸುತ್ತವೆ, ಆದ್ದರಿಂದ ಬಟಾಣಿಯಷ್ಟು ಸಾಕು. ಎರಡನೆಯದು ದಿಂಬಿನ ಬಟ್ಟೆ, ಟವೆಲ್ಲುಗಳ ಬಣ್ಣ ಕಿತ್ತುಬಿಡುತ್ತದೆ, ಹೋಟೆಲಿನ ಯೂನಿಫಾರ್ಮ್ ಜೋಪಾನ. ಗುಳ್ಳೆಗಳ ಬದಲು ಉಂಗುರದಂತೆ ಹರಡುವ ಕೆಂಪು ಕಂಡರೆ, ಅದು ಸ್ಟಿರಾಯ್ಡ್ ಹಚ್ಚಿದ ಜಾಗದಲ್ಲಿ ಬೆಳೆದ ಹುಳುಕಡ್ಡಿ ಇರಬಹುದು. ಬ್ಲೇಡ್ ಹೋದ ಗೆರೆಗುಂಟ ಚಪ್ಪಟೆ ಗಂಟುಗಳು ಸಾಲಾಗಿ ಎದ್ದರೆ ನರಹುಲಿ. ಗುಳ್ಳೆ ಆರಿದ ಮೇಲೂ ಗಟ್ಟಿ ಗಂಟಾಗಿ ಬೆಳೆಯುತ್ತಾ ಹೋದರೆ ಅದು ಕಿಲಾಯ್ಡ್ ಎಂಬ ಬೇರೆಯದೇ ತೊಂದರೆ, ತಡಮಾಡಬಾರದು. ಈ ಮೂರನ್ನೂ ವೈದ್ಯರಿಗೆ ಮರೆಯದೆ ತೋರಿಸಿ.

ಕಪ್ಪು ಕಲೆಗಳ ಬಗ್ಗೆ ನಿಮಗೆ ಅವಸರವಿದೆ, ಅರ್ಥವಾಗುತ್ತದೆ. ಹೊಸ ಗುಳ್ಳೆ ಏಳುವುದು ನಿಂತ ಮೇಲೆ ಅವು ತಿಂಗಳುಗಳಲ್ಲಿ ನಿಧಾನವಾಗಿ ತಿಳಿಯಾಗುತ್ತವೆ. ಬೆಳಿಗ್ಗೆ ಮುಖಕ್ಕಷ್ಟೇ ಅಲ್ಲ, ಕತ್ತಿಗೂ ಸನ್‌ಸ್ಕ್ರೀನ್ ಹಚ್ಚಿ. ಬೆಳ್ಳಗಾಗಿಸುವ ಕ್ರೀಮುಗಳ ತಂಟೆಗೆ ಹೋಗಬೇಡಿ, ಬಹಳಷ್ಟರಲ್ಲಿ ಮತ್ತದೇ ಸ್ಟಿರಾಯ್ಡ್ ಇರುತ್ತದೆ. ಎಲ್ಲ ಮಾಡಿಯೂ ಗುಳ್ಳೆ ಬಿಡದಿದ್ದರೆ, ಕೆಲಸವೂ ರೇಜರ್ ಬಿಡಿಸದಿದ್ದರೆ, ಲೇಸರ್‌ನಿಂದ ಕತ್ತಿನ ಕೂದಲನ್ನಷ್ಟೇ ಕಡಿಮೆ ಮಾಡಿಸಿಕೊಳ್ಳಬಹುದು. ನಮ್ಮ ಬಣ್ಣದ ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಯಂತ್ರ ಎಂದು ಕೇಳಿಯೇ ಮುಂದುವರಿಯಿರಿ. ಬ್ಯೂಟಿ ಪಾರ್ಲರಿನಲ್ಲಲ್ಲ, ಚರ್ಮರೋಗ ವೈದ್ಯರ ಬಳಿ ಮಾಡಿಸಿ. ಹಲವು ಬಾರಿ ಹೋಗಬೇಕಾಗುತ್ತದೆ, ಖರ್ಚೂ ಇದೆ.

ಹೆಣ್ಣು ನೋಡಲು ಹೋಗುವ ದಿನ ಮನೆಯವರು ‘ನುಣ್ಣಗೆ ಶೇವ್ ಮಾಡ್ಕೊಂಡು ಬಾ’ ಅಂದೇ ಅನ್ನುತ್ತಾರೆ. ಮಾಡಿಕೊಳ್ಳಬೇಡಿ. ಹಿಂದಿನ ಸಂಜೆ ಟ್ರಿಮ್ಮರ್‌ನಲ್ಲಿ ಒಂದು ಮಿಲಿಮೀಟರಿಗೆ ತೀಡಿಕೊಂಡು ಹೋಗಿ. ಅಮ್ಮನಿಗೆ ಈಗಲೇ ಫೋನ್ ಮಾಡಿ ಕಾರಣ ತಿಳಿಸಿಟ್ಟಿರಿ, ಆ ದಿನ ಬೆಳಿಗ್ಗೆ ಬಚ್ಚಲ ಮುಂದೆ ವಾದ ಬೇಡ. ನಾಲ್ಕು ವಾರ ಬಿಟ್ಟು ಹೇಗಿದೆ ಎಂದು ನನಗೊಂದು ಸಾಲು ಬರೆಯಿರಿ. ವೈದ್ಯರು ಏನು ಕೊಟ್ಟರು ಎಂಬುದನ್ನೂ ಬರೆದರೆ ಮುಂದಿನದನ್ನು ನೋಡೋಣ.